ಮೂರನೆಯವಳ ಹೆಜ್ಜೆ

ಕೆಂಪಾಜಮ್ಮನ ಹಿಂದೆ ಯಾವಾಗಲೂ ಒಬ್ಬಳು ಓಡುತ್ತಿದ್ದಳು. ನರಸೀಪುರದ ಹೊಳೆದಂಡೆಯ ಹಾದಿಯಲ್ಲಿ ಬೆಳಗಿನ ಓಟಕ್ಕೆ ಇಳಿದರೆ ಸಾಕು, ಸ್ವಲ್ಪ ಹಿಂದೆ ಬರಿಗಾಲಿನ ಸದ್ದು. ಎಡಗಾಲು ಮಾತ್ರ ಜೋರಾಗಿ ಬೀಳುತ್ತಿತ್ತು. ಅದು ಪಾಪಮ್ಮನ ಹೆಜ್ಜೆ. ಕೆಂಪಾಜಮ್ಮ ಒಮ್ಮೆಯೂ ತಿರುಗಿ ನೋಡಿದವಳಲ್ಲ.

ಆ ಕಾಲಕ್ಕೆ ತಾಲ್ಲೂಕಿನಲ್ಲಿ ಚಡ್ಡಿ ತೊಟ್ಟು ಮೈದಾನಕ್ಕಿಳಿದ ಮೊದಲ ಹೆಣ್ಣುಮಕ್ಕಳು ಅವರಿಬ್ಬರೇ. ಆಮೇಲೆ ಇನ್ನಿಬ್ಬರು ಸೇರಿಕೊಂಡರು; ಜಿಲ್ಲಾ ಕೂಟದ ರಿಲೇಯಲ್ಲಿ ಪಾಪಮ್ಮ ಮೂರನೆಯವಳು, ಕೆಂಪಾಜಮ್ಮ ಕೊನೆಯವಳು. ಹಿಂದಕ್ಕೆ ನೋಡಕೂಡದು, ಅಂಗೈ ಚಾಚಿ ಓಡುತ್ತಿರಬೇಕು ಎಂದು ಮೇಷ್ಟರು ಕಲಿಸಿದ್ದರು. "ತಕ್ಕೊ!" ಎಂಬ ಕೂಗು ಬಂತು, ಅಂಗೈಗೆ ಬ್ಯಾಟನ್ ಕೋಲು ಬಿತ್ತು. ಕೆಂಪಾಜಮ್ಮ ಓಡಿದಳು, ಗೆದ್ದಳು. ನಗುತ್ತ ವಾಪಸು ಬಂದಾಗ ಪಾಪಮ್ಮನ ಸುತ್ತ ಜನ ಸೇರಿದ್ದರು. ಬಿದ್ದವಳು ಮತ್ತೆ ಏಳಲಿಲ್ಲ. ಮನೆಯವರು ಗೊತ್ತುಮಾಡಿದ್ದ ಮದುವೆ ತಪ್ಪಲಿ ಎಂದು ನಂಜುಂಡನಿಗೆ ಹರಕೆ ಹೊತ್ತು, ಆ ಕಾರ್ತಿಕ ಸೋಮವಾರ ನೀರೂ ಮುಟ್ಟದೆ ಓಡಿದ್ದಳಂತೆ.

ಅಂದಿನಿಂದ ಬೆನ್ನ ಹಿಂದೆ ಬಿದ್ದ ಆ ಹೆಜ್ಜೆಯೊಂದಿಗೇ ಕೆಂಪಾಜಮ್ಮ ಮುಂದೆ ರಾಜ್ಯದ ಪರವಾಗಿ ಓಡಿದಳು. ಪೇಪರಿನಲ್ಲಿ ಫೋಟೋ ಬಂತು, ಪಿ.ಟಿ. ಟೀಚರ್ ಕೆಲಸ ಸಿಕ್ಕಿತು. ಮದುವೆಯಾಗಲಿಲ್ಲ. ನಿವೃತ್ತಿಯ ಮೇಲೆ ಹಳ್ಳಿಯ ಹುಡುಗಿಯರನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಓಟ ಕಲಿಸತೊಡಗಿದಳು. ಮುದ್ದೆ, ಮೊಟ್ಟೆಯನ್ನು ಎದುರಿಗೆ ಕೂತು ತಿನ್ನಿಸಬೇಕು, ಇಲ್ಲವಾದರೆ ಅವಳಿಗೆ ಸಮಾಧಾನವಿಲ್ಲ. "ಮಿಸ್ಸು ಓಡೋದ್ರಲ್ಲಿ ಬುಟ್ರೂ ಉಣ್ಣೋದ್ರಲ್ಲಿ ಬುಡಾಕಿಲ್ಲ" ಎಂದು ಹುಡುಗಿಯರು ನಗುತ್ತಿದ್ದರು.

ಈ ಸಲದ ಕೂಟ ನಂಜನಗೂಡಿನಲ್ಲಿ, ಕಾರ್ತಿಕ ಸೋಮವಾರವೇ ಬಿತ್ತು. ರಿಲೇ ಗೆದ್ದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಕೊನೆಗೆ ಓಡುವ ಪವಿತ್ರಳಿಗೆ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಇದು ಬಿಟ್ಟರೆ ಇನ್ನಿಲ್ಲ. ಮೂರನೆಯವಳು ಕವನ. ಅವಳು ಹಿಂದಿನ ದಿನ ಚಿಕ್ಕಯ್ಯನಛತ್ರದ ಅಜ್ಜಿಮನೆಗೆ ಹೋಗಿದ್ದವಳು ನೇರ ಮೈದಾನಕ್ಕೇ ಬಂದಿದ್ದಳು.

"ತಿಂದ್ಯೇನೇ?"

"ಊಂ ಮಿಸ್, ಇಡ್ಲಿ."

"ಅಜ್ಜಿ ಮನೇಲಿ ದಬರಿನೇ ಖಾಲಿ ಮಾಡಿರ್ತಾಳೆ ಮಿಸ್," ಎಂದಳು ಪವಿತ್ರ. "ಲೇ, ಬ್ಯಾಟನ್ ತಿಂದ್ಬುಟ್ಟೀಯಾ, ನನ್ ಕೈಗೆ ಕೊಡು."

ಹುಡುಗಿಯರು ತಮ್ಮ ತಮ್ಮ ಜಾಗಕ್ಕೆ ಹೋದರು. ಕೆಂಪಾಜಮ್ಮ ಕವನ ನಿಂತ ತಿರುವಿನ ಹತ್ತಿರ ನಿಂತಳು. ಬೆನ್ನ ಹಿಂದೆ ಕಾಂಪೌಂಡ್ ಗೋಡೆ. ಅಲ್ಲಿ ಓಡಲು ಜಾಗವೇ ಇರಲಿಲ್ಲ. ಆದರೂ ಹೆಜ್ಜೆ ಕೇಳಿಸಿತು. ಎಡಗಾಲು ಜೋರಾಗಿ ಬೀಳುತ್ತ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಎಂದೂ ನಿಲ್ಲದ್ದು ಬೆನ್ನಿಗೆ ತಾಕುವಷ್ಟರಲ್ಲಿ ನಿಂತುಬಿಟ್ಟಿತು. "ತಕ್ಕೊ" ಎನ್ನುತ್ತಾಳೆಂದು ಕೆಂಪಾಜಮ್ಮ ಕಾದಳು. ಕೂಗು ಬರಲಿಲ್ಲ.

ಅವಳು ತಿರುಗಿದಳು.

ಗೋಡೆಯ ಬುಡದಲ್ಲಿ ಕವನಳ ಅಜ್ಜಿ ಪುಟ್ಟಮಾದಮ್ಮ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

"ಏನಜ್ಜಿ ಅದು?"

"ಕೂಸಿನ ಇಡ್ಲಿ ಕಣವ್ವ. ಗೆದ್ದು, ದೇವಸ್ಥಾನಕ್ಕೋಗಿ ಬಂದು ತಿಂತದೆ. ಅವರಪ್ಪ ಬುದ್ಧನ ಫೋಟೋ ಇಟ್ಟವ್ನೆ, ದೇವ್ರು, ಸೋಮವಾರ ಅಂದ್ರೆ ಎಗರಾಡ್ತಾನೆ. ಅದ್ಕೇ ಗುಟ್ಟಾಗಿ ಉಪಾಸ ಇಡ್ಸಿವ್ನಿ. ನೀರೂ ಮುಟ್ಟಿಲ್ಲ ನನ್ ಬಂಗಾರ!"

ಕೆಂಪಾಜಮ್ಮ ಸೀರೆ ಎತ್ತಿಕಟ್ಟಿ ಓಡಿದಳು. ಪಿಸ್ತೂಲು ಹಿಡಿದವನ ಕೈ ಮೇಲೇರಿತ್ತು. ಗೆರೆ ದಾಟಿ ಕವನಳ ರಟ್ಟೆ ಹಿಡಿದು ಎಳೆದಳು.

"ಮಿಸ್, ನಂಗೇನೂ ಆಗಿಲ್ಲ! ಬುಡಿ ಮಿಸ್!"

"ಮೇಡಂ, ನಿಮ್ ಟೀಮೇ ಔಟಾಯ್ತದೆ," ಎಂದು ಅಂಪೈರ್ ಕೂಗಿದ.

"ಆಗ್ಲಿ."

ಓಟ ಮುಗಿಯಿತು. ಆಚೆ ತಿರುವಿನಲ್ಲಿ ಉಳಿದವರೆಲ್ಲ ಓಡಿಹೋದ ಮೇಲೂ ಪವಿತ್ರ ತನ್ನ ಗೆರೆಯಲ್ಲೇ ನಿಂತಿದ್ದಳು.

ಕವನ ಅಳುತ್ತಲೇ ಇಡ್ಲಿ ತಿಂದಳು. "ನಾನು ಬೀಳ್ತಿರ್ಲಿಲ್ಲ ಮಿಸ್."

"ಇರ್ಬೌದು ಕೂಸೇ."

"ಮತ್ಯಾಕೆ?"

ಕೆಂಪಾಜಮ್ಮ ಇನ್ನೊಂದು ಇಡ್ಲಿ ತೆಗೆದು ಅವಳ ಕೈಗಿಟ್ಟಳು. ನರಸೀಪುರದ ಬಸ್ಸಿನಲ್ಲಿ ಪವಿತ್ರ ಒಬ್ಬಳೇ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಕೆಂಪಾಜಮ್ಮ ಪಕ್ಕಕ್ಕೆ ಹೋಗಿ ಕೂತರೂ ಈ ಕಡೆ ನೋಡಲಿಲ್ಲ. ಕವನ ಬಿದ್ದೇ ಬೀಳುತ್ತಿದ್ದಳು ಎಂದು ಹೇಳುವ ಧೈರ್ಯ ಯಾರಿಗಿತ್ತು?

ಮರುದಿನ ಬೆಳಿಗ್ಗೆ ಹುಡುಗಿಯರು ಯಾರೂ ಏಳಲಿಲ್ಲ. ಕೆಂಪಾಜಮ್ಮ ಒಬ್ಬಳೇ ಹೊಳೆದಂಡೆಗೆ ಇಳಿದಳು. ಹೊಳೆಯ ಮೇಲೆ ಮಂಜಿತ್ತು. ಓಡುತ್ತ ಕಿವಿಗೊಟ್ಟಳು. ತನ್ನ ಕಾಲಿನ ಸದ್ದೊಂದೇ. ನಿಧಾನ ಮಾಡಿದಳು. ತಿರುಗಿದಳು. ಹಾದಿ ಖಾಲಿ ಇತ್ತು. ಇಷ್ಟು ವರ್ಷ ಹೆಜ್ಜೆ ಕೇಳಿದಾಗ ಆಗದಿದ್ದ ಭಯ ಈಗ ಆಯಿತು.

"ಪಾಪೂ," ಎಂದಳು ಮೆಲ್ಲಗೆ.

ಮತ್ತೆ ಮುಖ ಮುಂದಕ್ಕೆ ಮಾಡಿ, ಬಲಗೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿಕೊಂಡೇ ಓಡತೊಡಗಿದಳು.