ಕೊಳದ ದಾರಿಗೆ ಹಸಿರು ಬಣ್ಣ

ನಮ್ಮ ಉದ್ಯಾನಕ್ಕೆ ಬರುವವರೆಲ್ಲ ಟಿಕೆಟ್ ಕಿಟಕಿಯೊಳಗೆ ತಲೆ ತೂರಿಸಿ ಕೇಳುವುದು ಒಂದೇ ಪ್ರಶ್ನೆ: ಸುಲಭದ ದಾರಿ ಯಾವುದು? ಬೆಟ್ಟ ನೋಡಬೇಕು, ಆದರೆ ಬೆಟ್ಟ ಹತ್ತಬಾರದು. ಆ ಕಿಟಕಿಯೊಳಗೆ ಕೂತವಳು ನಾನು. ಹಸಿರು ಹಲಗೆ ಇರುವ ದಾರಿಗಳನ್ನು ತೋರಿಸಿ, ಚಿಲ್ಲರೆ ಕೊಟ್ಟು, ಮುಂದಿನವರು ಎನ್ನುತ್ತೇನೆ. ದಿನವಿಡೀ ಜನರ ಜೊತೆ ಬಾಯಿ ಬಡಿದುಕೊಂಡರೂ ಸಂಜೆ ಕೋಣೆಯ ಬೀಗ ತೆಗೆಯುವಾಗ, ಇವತ್ತು ಯಾರ ಜೊತೆಯೂ ಮಾತಾಡಲಿಲ್ಲ ಅನ್ನಿಸುತ್ತದೆ. ಅದು ಇರಲಿ, ಹೇಳಬೇಕಾದ್ದು ಮೇಸ್ತ್ರಿಯ ವಿಷಯ.

ದಾರಿ ಕಡಿಯುವುದು, ಕಲ್ಲು ಹಾಸುವುದು, ಹಲಗೆ ನೆಡುವುದು ಎಲ್ಲ ಮೇಸ್ತ್ರಿಯ ಕೆಲಸ. ಹಲಗೆಗೆ ಹಸಿರು ಬಳಿಯಬೇಕಾದರೆ ನಮ್ಮಲ್ಲೊಂದು ಕ್ರಮವಿದೆ. ಇಬ್ಬರು ಅಕ್ಕಪಕ್ಕ ಮಾತಾಡುತ್ತ ಕೆಳಗಿನಿಂದ ಮೇಲಿನವರೆಗೆ ನಡೆಯಬೇಕು. ಏದುಸಿರಿಗೆ ಮಾತು ತುಂಡಾಗದಿದ್ದರೆ ಆ ದಾರಿ ಸುಲಭ. ತುಂಡಾದರೆ ಹಳದಿ. ಮೇಸ್ತ್ರಿಯ ಜೊತೆ ಯಾವಾಗಲೂ ನಡೆಯುತ್ತಿದ್ದವರು ಅವರ ಹೆಂಡತಿ. ಮೈ ಭಾರ, ಮಂಡಿನೋವು, ಮೇಲಾಗಿ ಮಾತಿನಮಲ್ಲಿ. ಅವರ ಮಾತು ನಿಂತಿತೆಂದರೆ ದಾರಿಯಲ್ಲಿ ಏನೋ ಎಡವಟ್ಟಿದೆ ಅಂತಲೇ ಅರ್ಥ. ಉದ್ಯಾನದ ಹಸಿರು ಹಲಗೆಗಳೆಲ್ಲ ಆಕೆಯ ಬಾಯಿಯ ಬಲದಿಂದ ನಿಂತಂಥವು.

ಆಕೆಗೆ ಇದ್ದದ್ದು ಒಂದೇ ಆಸೆ, ಮೇಲಿನ ಕೊಳ ನೋಡಬೇಕು ಅಂತ. ಹಳೆಯ ದಾರಿ ತೀರ ಕಡಿದಾಗಿತ್ತು. ನನ್ನ ಕಾಲಿಗೆ ಆಗೋ ಹಾಗೆ ಒಂದು ದಾರಿ ಮಾಡ್ರೀ ಎಂದು ಗಂಡನ ತಲೆ ತಿನ್ನುತ್ತಿದ್ದರು. ಮೇಸ್ತ್ರಿ ವರ್ಷಗಟ್ಟಲೆ ಗುಡ್ಡದ ಬೆನ್ನಿಗೆ ತಿರುವಿನ ಮೇಲೆ ತಿರುವು ಕಡಿದು ಹೊಸ ದಾರಿ ಮಾಡಿದರು. ಅದು ಮುಗಿಯುವ ಮೊದಲೇ, ಕಳೆದ ಚಳಿಗಾಲದಲ್ಲಿ, ಆಕೆ ತೀರಿಕೊಂಡರು.

ಬಣ್ಣ ಬಳಿಯುವ ಮುಂಚೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ ಎಂದರೆ ಮೇಸ್ತ್ರಿ ಕಿವಿಗೇ ಹಾಕಿಕೊಳ್ಳಲಿಲ್ಲ. ಒಬ್ಬರೇ ಹೋದರು, ಬಂದರು, ಹಸಿರು ಬಳಿದರು. ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಕೊಳಕ್ಕೆ ಹೋದವರೆಲ್ಲ ಮುಖ ಕೆಂಪಗೆ ಮಾಡಿಕೊಂಡು ಬಂದು ನನ್ನ ಮೇಲೆ ಹರಿಹಾಯ್ದರು. ಒಬ್ಬ ಅಜ್ಜಿಯನ್ನು ಮೊಮ್ಮಕ್ಕಳು ಎರಡೂ ಕೈ ಹಿಡಿದು ಇಳಿಸಿಕೊಂಡು ಬಂದಿದ್ದರು. ಇದನ್ನ ಸುಲಭ ಅಂದವರ ಮುಖ ಒಂದು ಸಲ ನೋಡಬೇಕು ಎಂದರು ಅಜ್ಜಿ. ತೋರಿಸಲು ಅಲ್ಲಿದ್ದದ್ದು ನನ್ನ ಮುಖವೊಂದೇ.

ಉದ್ಯಾನದ ಸಾಹೇಬರು ಮೇಸ್ತ್ರಿಯನ್ನು ಕರೆಸಿದರು. ದಾರಿಯುದ್ದಕ್ಕೂ ಮಾತಾಡಿಕೊಂಡೇ ಹೋಗಿದ್ದೇನೆ, ಒಂದು ಸಲವೂ ಉಸಿರು ಕಟ್ಟಲಿಲ್ಲ ಎಂದು ಮೇಸ್ತ್ರಿ ಪಟ್ಟು ಹಿಡಿದರು. ಯಾರ ಜೊತೆ ಮಾತಾಡಿದಿರಿ ಎಂದು ಸಾಹೇಬರು ಕೇಳಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ. ರಜೆಯ ದಿನ ನಾನು ಮೇಸ್ತ್ರಿಯ ಜೊತೆ ಹೋಗಬೇಕು, ನನ್ನ ಮಾತು ತುಂಡಾದರೆ ಹಲಗೆ ಹಳದಿ ಎಂದು ತೀರ್ಮಾನವಾಯಿತು. ಹೊರಗೆ ಬಂದ ಮೇಲೆ ಮೇಸ್ತ್ರಿ ನನ್ನ ಕಡೆ ತಿರುಗಿದರು.

"ಅದು ಹಸಿರಾಗೇ ಇರಬೇಕಮ್ಮ. ಅವಳಿಗೋಸ್ಕರ ಮಾಡಿದ್ದು," ಎಂದರು.

ರಜೆಯ ದಿನ ಬೆಳಿಗ್ಗೆ ಹೊರಟೆವು. ಮೇಸ್ತ್ರಿಯೇ ಮಾತು ತೆಗೆದರು. ಅಡುಗೆಮನೆಯ ನಲ್ಲಿ ಸೋರುತ್ತಿರುವುದು, ಮಗಳು ಫೋನಿನಲ್ಲಿ ಗೊಣಗಿದ್ದು, ಹೊಸ ಬೂಟು ಕಚ್ಚುತ್ತಿರುವುದು. ಒಂದು ಮಾತು ಮುಗಿಸುವರು, ತಿರುವಿನಲ್ಲಿ ನಿಲ್ಲುವರು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುವರು. ನಾನು ಇದ್ದದ್ದು ಬಲಕ್ಕೆ. ಕೊಂಚ ಹೊತ್ತಾದ ಮೇಲೆ ಹೂಂ ಎಂದು ಮತ್ತೆ ಹೆಜ್ಜೆ ಹಾಕುವರು. ಮೊದಲು ನನಗಾಗಿ ನಿಲ್ಲುತ್ತಿದ್ದಾರೆ ಅಂದುಕೊಂಡು ನಾನೇ ಉತ್ತರ ಕೊಟ್ಟೆ. ನನ್ನ ಉತ್ತರ ಮುಗಿದ ಮೇಲೂ ಅವರು ನಿಂತೇ ಇದ್ದರು. ಆಗ ಗೊತ್ತಾಯಿತು. ನನಗೆ ಭಯವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಹಾಗೆ ನಿಂತು ಉತ್ತರಕ್ಕೆ ಕಾಯೋಣವೆಂದರೆ, ಅಂಥವರು ನನಗೆ ಬದುಕಿರುವವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ.

ಅವರು ನಿಂತಾಗಲೆಲ್ಲ ನನಗೂ ಉಸಿರು ಸಿಗುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಹಲಗೆ ಹಸಿರಾಗಿಯೇ ಉಳಿಯುತ್ತಿತ್ತು. ಆದರೆ ಆ ಅಜ್ಜಿಯಂಥವರು ನಾಳೆಯೂ ಬರುವವರೇ. ಕೇಳಿಯೇಬಿಟ್ಟೆ.

"ಮೇಸ್ತ್ರಿ, ಅವತ್ತೂ ಹೀಗೇ ನಿಂತು ನಿಂತು ಹೋಗಿದ್ರಾ?"

"ಮತ್ತೆ? ನಾನೊಬ್ಬನೇ ಮಾತಾಡ್ತಾ ಹೋದ್ರೆ ಹೇಗೆ, ಅವಳೂ ಹೇಳೋದು ಬೇಡ್ವಾ..."

ಮಾತು ಅಲ್ಲಿಗೇ ನಿಂತಿತು. ಅವರ ಮುಖ ಇಳಿದುಹೋಯಿತು. ಹತ್ತಿ ಬಂದ ತಿರುವುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಇನ್ನು ನಿಲ್ಲದೆ ನಡೆಯೋಣ, ನೀನು ಏನಾದರೂ ಹೇಳುತ್ತಾ ಬಾ ಎಂದರು. ಜಲಪಾತವನ್ನು ಎಷ್ಟು ಗಂಟೆಗೆ ಬಂದ್ ಮಾಡುತ್ತೀರಿ ಎಂದು ನನ್ನ ಕಿಟಕಿಯಲ್ಲಿ ಕೇಳಿದವನ ಕಥೆ ಶುರುಮಾಡಿದೆ. ನಗು ಬರುವ ಜಾಗಕ್ಕೆ ತಲುಪುವಷ್ಟರಲ್ಲಿ ನನ್ನ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಒಂದು ಬಂಡೆ ಹಿಡಿದು ಕುಸಿದು ಕೂತೆ. ತಪ್ಪಾಯಿತು ಎನ್ನೋಣವೆಂದರೆ ಅದಕ್ಕೂ ಉಸಿರಿರಲಿಲ್ಲ.

ಮೇಸ್ತ್ರಿ ನನ್ನ ಬೆವರಿದ ಮುಖವನ್ನೇ ಬಹಳ ಹೊತ್ತು ನೋಡಿದರು.

"ಅವಳಿಗೆ ಇದರ ಅರ್ಧಾನೂ ಆಗ್ತಿರಲಿಲ್ಲ," ಎಂದರು.

ಕೊಳದವರೆಗೆ ನಾವು ಹೋಗಲಿಲ್ಲ. ಇಳಿಯುವಾಗ ಮೇಸ್ತ್ರಿ ಒಂದು ತಿರುವಿನಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನವೇ ಹಸಿರನ್ನು ಕೆರೆದು ತೆಗೆದು ಹಳದಿ ಬಳಿದರು. ನಾನು ಬಣ್ಣದ ಡಬ್ಬ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಮುಂದಿನ ವಾರ ಗಾಳಿಗೆ ಮರವೊಂದು ಕೊಳದ ದಾರಿಗೆ ಅಡ್ಡ ಬಿತ್ತು. ಬೆಳಿಗ್ಗೆ ಗರಗಸ ಹೆಗಲಿಗೇರಿಸಿ ಹೋದ ಮೇಸ್ತ್ರಿ, ನಾನು ಊಟದ ಡಬ್ಬಿ ಮುಚ್ಚುವ ಮೊದಲೇ ವಾಪಸು ಬಂದರು. ನೀರು ಕುಡಿಯಲು ಕಿಟಕಿಯ ಬಳಿ ನಿಂತಾಗ, ಇಷ್ಟು ಬೇಗ ಹೇಗೆ ಬಂದಿರಿ, ದಾರಿಯಲ್ಲಿ ಮಾತುಕತೆ ಇರಲಿಲ್ಲವೇ ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮೇಸ್ತ್ರಿಗೆ ಕೋಪ ಬರಲಿಲ್ಲ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಅವಳು ಬರಲಿಲ್ಲಮ್ಮ," ಎಂದರು. "ಅವಳ ಕೈಲಿ ಆಗೋ ದಾರಿ ಅಲ್ವಲ್ಲ ಅದು."