ಮಾವನ ಬಂದೂಕಿನ ಟ್ರಿಗರ್

ನಮ್ಮ ಮಾವನಿಗೆ ಆ ಬಂದೂಕನ್ನು ಆರಿಸಿಕೊಟ್ಟವನು ನಾನು. ಬಿಚ್ಚಿದವನು, ಜೋಡಿಸಿದವನು, ಅವರ ಮೈಗೆ ತಕ್ಕಂತೆ ಹೊಂದಿಸಿದವನು, ಎಲ್ಲ ನಾನೇ. ಹ್ಯೂಸ್ಟನ್ನಿನ ನೆಂಟರಿಷ್ಟರ ಬಾಯಲ್ಲಿ ಎರಡು ತಿಂಗಳು ನನ್ನದೇ ಹೊಗಳಿಕೆ. ಮಗನೂ ಇಷ್ಟು ಮಾಡುವುದಿಲ್ಲ ಎಂದು ಒಬ್ಬ ಆಂಟಿ ಮಾವನ ಎದುರಿಗೇ ಹೇಳಿಬಿಟ್ಟರು. ಆ ಮನೆಯಲ್ಲಿ ಮಗನ ಮಾತು ಎತ್ತಬಾರದು ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಮಾವ ಎದ್ದುಹೋಗಿ ಹಿತ್ತಲಿನ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡತೊಡಗಿದರು. ಮಳೆ ಬಂದು ನಿಂತು ಹತ್ತು ನಿಮಿಷವೂ ಆಗಿರಲಿಲ್ಲ.

ಮಾವನ ಹೆಸರು ಬಾಳಪ್ಪ. ಮುಧೋಳದ ಕಡೆಯವರು, ಬೇಟೆನಾಯಿ ಸಾಕಿದ ಮನೆತನ. ಹ್ಯೂಸ್ಟನ್ನಿನಲ್ಲಿ ಇಪ್ಪತ್ತೈದು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದರು. ನಾನು ಅನೂಪ್, ಮೈಸೂರಿನವನು. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಟೆಲಿಕಾಂ ಕೆಲಸ. ಅವರ ಮಗಳು ಸೌಂದರ್ಯಾಳನ್ನು ಕೇಳಲು ಹೋದಾಗ ಮಾವ ನನ್ನ ಕೈಗಳನ್ನು ತಿರುಗಿಸಿ ನೋಡಿ, "ಅನ್ನಾ ಸಾರು ಉಂಡ ಕೈ. ಬಂದೂಕು ಹಿಡದ್ರ ಉಳಕತಾವ" ಅಂದಿದ್ದರು. ನನಗೆ ರೋಷ ಬಂತು. ಗ್ರೀನ್ ಕಾರ್ಡ್ ಬಂದ ವರ್ಷವೇ ಗುರಿ ಹೊಡೆಯುವ ರೇಂಜಿಗೆ ಹೋಗಿ ಕಲಿತೆ, ಬಂದೂಕು ರಿಪೇರಿಯನ್ನೂ ಕಲಿತೆ. ಆದರೆ ನಾನು ಹೊಡೆಯುವುದು ಕಾಗದಕ್ಕೆ ಮಾತ್ರ. ಪ್ರಾಣಿಯ ಕಣ್ಣು ನೋಡಿ ಗುಂಡು ಹಾರಿಸುವ ಎದೆ ನನಗಿಲ್ಲ. ಮಾವನಿಗೋ ಕಾಗದ ಅಂದರೆ ತಾತ್ಸಾರ.

ಅವರ ಮಗ ಸಿದ್ಧಾರೂಢ ಎಲ್ಲರ ಬಾಯಲ್ಲಿ ಸಿದ್ದು. ಆಸ್ಟಿನ್ನಿನಲ್ಲಿ ಮನೆ, ಅಲ್ಲಿನ ದ ಡೊಮೇನ್ ಎಂಬ ಬಡಾವಣೆಯಲ್ಲಿ ಆಫೀಸು. 2010ರ ಶುರುವಿನಲ್ಲಿ ಅವನ ಗೃಹಪ್ರವೇಶಕ್ಕೆ ಮಾವ ಕುಡಿದು ಬಂದರು. ಬೀಗರೆಲ್ಲ ಕುಳಿತಿರುವಾಗ ಮಗನ ಹೆಂಡತಿಯನ್ನು ಆಡಬಾರದ ಮಾತು ಆಡಿದರು. ಸಿದ್ದು ಅವರನ್ನು ರಟ್ಟೆ ಹಿಡಿದು ಕಾರಿನವರೆಗೆ ಕರೆತಂದು, "ಕುಡದಾಗ ನನಗ ಫೋನ್ ಮಾಡಬ್ಯಾಡ, ಮನಿಗೂ ಬರಬ್ಯಾಡ" ಅಂದ. ಅವತ್ತಿನಿಂದ ಮಾವ ಒಂದು ಹನಿಯನ್ನೂ ಮುಟ್ಟಿಲ್ಲ. ಬಿಟ್ಟಿದ್ದೇನೆ ಎಂದು ಮಗನಿಗೆ ತಿಳಿಸಿಯೂ ಇಲ್ಲ. ತಿಳಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಯಿತಲ್ಲ. ಮಗನೂ ಕೇಳಲಿಲ್ಲ. ಒಂದೇ ರಾಜ್ಯದಲ್ಲಿ, ಮೂರು ಗಂಟೆ ಡ್ರೈವ್ ದೂರದಲ್ಲಿ, ಅಪ್ಪ ಮಗ ಒಂದು ಮಾತೂ ಇಲ್ಲದೆ ಆರು ವರ್ಷ ಕಳೆದರು.

2015ರ ಡಿಸೆಂಬರಿನಲ್ಲಿ ಮಾವ ನನ್ನನ್ನು ಅಂಗಡಿಯ ಹಿಂಭಾಗಕ್ಕೆ ಕರೆದರು. ಹಳೆಯ ಬಂದೂಕು ಭಾರವಾಗುತ್ತಿದೆ, ಬಲಗೈಯಲ್ಲಿ ಹಿಡಿತ ಸಾಲದು ಎಂದರು. ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲೊಂದು ಗುಳಿ ಬಿದ್ದದ್ದನ್ನು ನಾನು ಅವತ್ತೇ ನೋಡಿದೆ. ವಯಸ್ಸು ಅಂದುಕೊಂಡೆ.

"ಹಗೂರಂದು ಒಂದು ಆರಿಸಿಕೊಡು" ಅಂದರು. "ವಾರಕ್ಕೊಮ್ಮೆ ನಿನ್ನ ಕಾಗದಕ್ಕೂ ಹೊಡಿಯಾಕ ಬರಬೇಕು, ನವೆಂಬರ್‌ದಾಗ ಜಿಂಕಿಗೂ ಆಗಬೇಕು. ಒಂದ ಬಂದೂಕು, ಎರಡೂ ಕೆಲಸ." ಟೆಕ್ಸಾಸಿನಲ್ಲಿ ಜಿಂಕೆ ಬೇಟೆಯ ಸೀಸನ್ನು ನವೆಂಬರಿನಲ್ಲಿ ಶುರುವಾಗುತ್ತದೆ.

"ಇದ್ದಕ್ಕಿದ್ದ ಹಾಗೆ ಜಿಂಕೆ ಯಾಕೆ ಮಾವ?"

ಅವರು ಸ್ವಲ್ಪ ಹೊತ್ತು ಬೋಲ್ಟುಗಳ ಡಬ್ಬಿಯಲ್ಲಿ ಕೈಯಾಡಿಸಿದರು. ಅವರ ಮನೆತನದಲ್ಲಿ ಒಂದು ಪದ್ಧತಿಯಂತೆ. ಬೇಟೆಯ ಪಾಲು ಹಿಡಿದು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಎಂಥ ಜಗಳವಿದ್ದರೂ ಒಳಗೆ ಕರೆದು ನೀರು ಕೊಡಬೇಕು. ಮಾವನ ಅಪ್ಪನೂ ಚಿಕ್ಕಪ್ಪನೂ ಹನ್ನೊಂದು ವರ್ಷದ ಹಗೆಯನ್ನು ಹಾಗೇ ಮುಗಿಸಿದ್ದರಂತೆ. ಪಾಲು ಮಾತ್ರ ಸ್ವಂತ ಕೈಯಿಂದ ಹೊಡೆದದ್ದಾಗಿರಬೇಕು.

"ಸಿದ್ದೂಗ ಈ ಪದ್ಧತಿ ಗೊತ್ತೈತಿ" ಅಂದರು. "ಬರೀಗೈಲೆ ಹೆಂಗ ಹೋಗ್ಲಿ, ಅನೂಪ?"

ಮನುಷ್ಯ ಆರು ವರ್ಷದಿಂದ ಒಂದು ಕ್ಷಮೆ ಕೇಳಲು ದಾರಿ ಹುಡುಕುತ್ತಿದ್ದ, ಕೊನೆಗೆ ಸಿಕ್ಕ ದಾರಿ ಒಂದು ಜಿಂಕೆಯ ಮೂಲಕ ಹೋಗುತ್ತಿತ್ತು.

ಬಂದೂಕು ಆರಿಸುವ ಕೆಲಸಕ್ಕೆ ನಾನು ಹಬ್ಬದ ಹುರುಪಿನಲ್ಲೇ ಇಳಿದೆ. ಭಾರೀ ಗುಂಡಾದರೆ ಭುಜಕ್ಕೆ ಒದೆತ ಹೆಚ್ಚು. ತೀರ ಹಗುರಾದರೆ ಜಿಂಕೆ ಗಾಯಗೊಂಡು ಪೊದೆಯಲ್ಲಿ ಸೇರಿ ಎರಡು ದಿನ ನರಳೀತು. ವಾರಗಟ್ಟಲೆ ಓದಿ 6.5 ಕ್ರೀಡ್‌ಮೂರ್ ಎಂಬ ನಡುವಿನ ಗುಂಡಿಗೆ ಬಂದೆ. ಒದೆತ ಕಡಿಮೆ, ಕಾಗದದ ಮೇಲೆ ಕರಾರುವಾಕ್ಕು, ಜಿಂಕೆಗೂ ಸಾಕು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ ಬಂದೂಕು. ಅದಕ್ಕೆ ದಪ್ಪ ಗುಬುಟಿನ ಹಿಡಿ ಕೂರಿಸಿದೆ, ಅಂಗೈಯಿಂದಲೇ ಎಳೆಯಲು ಬರಲಿ ಎಂದು. ಭುಜಕ್ಕೆ ಒರಗುವ ಮರದ ಹಿಂಭಾಗ ತೆಗೆದು, ಉದ್ದ ಎತ್ತರ ಎರಡನ್ನೂ ಹೊಂದಿಸಬಲ್ಲ ಫೈಬರಿನದು ಹಾಕಿದೆ. ಒದೆತ ಇನ್ನೂ ತಗ್ಗಲಿ ಎಂದು ನಳಿಗೆಯ ತುದಿಗೆ ಬ್ರೇಕ್, ಮೇಲೆ ಹಗುರವಾದ ದುರ್ಬೀನು. ಸೌಂದರ್ಯಾ ಗ್ಯಾರೇಜಿಗೆ ಬಂದು, "ನನಗ ಇಷ್ಟು ಪ್ರೀತಿಯಿಂದ ಒಂದು ಶೆಲ್ಫ್ ಹಾಕಿಕೊಟ್ಟಿಲ್ರಿ ನೀವು" ಅಂದು ಹೋದಳು. ನಿಜ ಹೇಳಬೇಕೆಂದರೆ, ನಾನು ಆ ತಿಂಗಳುಗಳಲ್ಲಿ ಸುಖವಾಗಿದ್ದೆ.

ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ನರರೋಗದ ಡಾಕ್ಟರು ಮಾವನ ಕೈಯ ಪರೀಕ್ಷೆಗಳನ್ನೆಲ್ಲ ಮುಗಿಸಿದರು. ಅಂಗಡಿಯ ಇಂಗ್ಲಿಷ್ ಬೇರೆ, ಆಸ್ಪತ್ರೆಯ ಇಂಗ್ಲಿಷ್ ಬೇರೆ, ಏನಿದ್ದರೂ ಮಗಳಿಗೇ ಹೇಳಿ ಎಂದು ಮಾವ ಮೊದಲ ದಿನವೇ ಕಾಗದಕ್ಕೆ ಸಹಿ ಹಾಕಿಕೊಟ್ಟಿದ್ದರು. ಹಾಗಾಗಿ ಡಾಕ್ಟರು ಸೌಂದರ್ಯಾಳಿಗೇ ಹೇಳಿದರು. ಎ.ಎಲ್.ಎಸ್. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮೊದಲು ಕೈ; ಆಮೇಲೆ ಮಾತು, ನುಂಗುವುದು, ಕಾಲು; ಕೊನೆಗೆ ಉಸಿರು. ಎರಡು ವರ್ಷ, ಹೆಚ್ಚೆಂದರೆ ಮೂರು. ವಾಸಿಮಾಡುವ ಔಷಧಿ ಇಲ್ಲ.

ಅಡುಗೆಮನೆಯಲ್ಲಿ ತೀರ್ಮಾನ ಕೊಟ್ಟವರು ಅತ್ತೆ ಶಾಂತವ್ವ. "ಅವರಿಗೆ ಹೇಳಬ್ಯಾಡ್ರಿ. ನಮ್ಮಪ್ಪಗ ಕ್ಯಾನ್ಸರ್ ಅಂತ ಹೇಳಿದ್ರು, ಗ್ವಾಡಿ ಕಡೆ ಮುಖ ಮಾಡಿ ಮಲ್ಕೊಂಡಾಂವ ಹದಿನೈದು ದಿನದಾಗ ಹೋದ." ಸಿದ್ದೂಗಾದರೂ ಹೇಳೋಣ ಎಂದು ಸೌಂದರ್ಯಾ ಅತ್ತಳು. "ಅವ ಅಳಕೋತ ಓಡಿ ಬರತಾನ, ಆರು ವರ್ಷ ಬರದಾಂವ ಈಗ್ಯಾಕ ಬಂದ ಅಂತ ಇವರಿಗೆ ತಿಳೀದ ಇರತೈತೇನು?" ಎಂದರು ಅತ್ತೆ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದು ಮಾವನಿಗೆ ಹೇಳಲಾಯಿತು. ನಾನು ಒಪ್ಪಿದೆ. ಒಪ್ಪಿದೆ ಎನ್ನುವುದಕ್ಕಿಂತ, ಅಡ್ಡ ಹೇಳಲಿಲ್ಲ. ಇಂಥ ಮಾತುಗಳಲ್ಲಿ ಅಳಿಯನಿಗೆ ಬಾಯಿಲ್ಲ ಎಂಬ ನೆಪ ನನಗೆ ಅನುಕೂಲವಾಗಿತ್ತು.

ಮಾರ್ಚಿನಲ್ಲಿ ಬಂದೂಕನ್ನು ಹ್ಯೂಸ್ಟನ್ನಿಗೆ ಒಯ್ದೆ. ರೇಂಜಿನಲ್ಲಿ ಮಾವ ಅದನ್ನು ಭುಜಕ್ಕೇರಿಸಿದರು, ಚಂದ ಕೂತಿತು. ಗುರಿ ಹಿಡಿದರು. ಟ್ರಿಗರ್ ಮಾತ್ರ ಎಳೆಯಲಾಗಲಿಲ್ಲ. ಬೆರಳು ಬಾಗುತ್ತಿತ್ತು, ಒತ್ತುತ್ತಿರಲಿಲ್ಲ. ಟ್ರಿಗರ್ ಬಿಗಿ ಇದೆ ಮಾವ, ಸಡಿಲ ಮಾಡಿ ತರುತ್ತೇನೆ ಎಂದೆ. ಮಾತು ಅಷ್ಟಕ್ಕೇ ನಿಂತಿದ್ದರೆ ಏನೂ ತೊಂದರೆಯಿರಲಿಲ್ಲ.

ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು ಎಂದು ಅಳೆಯುವ ಒಂದು ಸಣ್ಣ ಸ್ಪ್ರಿಂಗ್ ಮಾಪಕ ಇರುತ್ತದೆ. ಬಂದೂಕು ಅಂಗಡಿಯಿಂದ ಬಂದಾಗ ಅದು ಮೂರೂವರೆ ಪೌಂಡ್ ತೋರಿಸಿತ್ತು. ಎರಡೂವರೆಗೆ ಇಳಿಸಿದೆ. ಏಪ್ರಿಲಿನಲ್ಲಿ ಮಾವ ಆರು ಗುಂಡು ಹೊಡೆದರು, ಆರೂ ಅಂಗೈಯಗಲದಲ್ಲಿ ಬಿದ್ದವು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

"ನರ ಬಿಡಾಕತ್ತೈತಿ. ಕೈ ಸುಧಾರಿಸಾಕತ್ತೈತಿ" ಅಂದರು.

ಟ್ರಿಗರ್ ಸಡಿಲ ಮಾಡಿದ್ದನ್ನು ಅವರು ಮರೆತಿದ್ದರು. ನಾನು ನೆನಪಿಸಬಹುದಿತ್ತು. "ಹೌದು ಮಾವ, ವ್ಯಾಯಾಮ ಕೆಲಸ ಮಾಡ್ತಿದೆ" ಅಂದೆ.

ಅಲ್ಲಿಂದ ಮುಂದೆ ಅದೇ ನನ್ನ ಕಸುಬಾಯಿತು. ಶುಚಿ ಮಾಡುವ ನೆಪದಲ್ಲಿ ಬಂದೂಕನ್ನು ರಿಚರ್ಡ್‌ಸನ್ನಿಗೆ ತರುವುದು, ಮಾವನ ಬೆರಳು ಎಷ್ಟು ಸೋತಿದೆ ಎಂದು ಅಂದಾಜು ಮಾಡಿ ಅದಕ್ಕಿಂತ ಒಂದು ಕೂದಲು ಹೆಚ್ಚಾಗಿ ಟ್ರಿಗರ್ ಇಳಿಸುವುದು. ಮೇ ತಿಂಗಳಿಗೆ ಒಂದೂವರೆ ಪೌಂಡ್. ಜುಲೈಯಲ್ಲಿ ಆ ಟ್ರಿಗರನ್ನೇ ಕಿತ್ತು, ಸ್ಪರ್ಧೆಯವರು ಬೆಂಚಿನ ಮೇಲೆ ಮಾತ್ರ ಬಳಸುವ ಎಂಟು ಔನ್ಸಿನದು, ಅಂದರೆ ಅರ್ಧ ಪೌಂಡಿನದು, ಕೂರಿಸಿದೆ. ಬೇಟೆಯ ಬಂದೂಕಿಗೆ ಬುದ್ಧಿಯಿರುವವರು ಅದನ್ನು ಹಾಕುವುದಿಲ್ಲ. ಅಂಗಿಯ ತೋಳು ತಾಗಿದರೂ ಹಾರೀತು. ಗುಂಡು ತುಂಬುವುದನ್ನೆಲ್ಲ ನನ್ನ ಕೈಯಲ್ಲೇ ಇಟ್ಟುಕೊಂಡೆ. ನಾವು ಮಾವನಿಂದ ಮುಚ್ಚಿಟ್ಟ ಲೆಕ್ಕವನ್ನು ಆ ಮಾಪಕ ತಿಂಗಳು ತಿಂಗಳು ನನಗೊಬ್ಬನಿಗೇ ತೋರಿಸುತ್ತಿತ್ತು.

ಮಾವನ ಎಡಗೈಯೂ ಇಳಿಯುತ್ತಿತ್ತು, ಚಹಾದ ಕಪ್ಪು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಆದರೂ ಅವರು ನಂಬಿದ್ದು ಟ್ರಿಗರನ್ನು. ಜೂನಿನಲ್ಲಿ ಒಮ್ಮೆ ಧೈರ್ಯ ಮಾಡಿ, "ಮಾವ, ಜಿಂಕೆ ಬಿಡಿ. ಸಿದ್ದೂಗೆ ಈಗಲೇ ಒಂದು ಫೋನ್ ಮಾಡಿಬಿಡಿ" ಎಂದಿದ್ದೆ.

"ಅವಸರ ಏನೈತಿ? ಕೈ ದಾರಿಗೆ ಬರಾಕತ್ತೈತಿ. ನವೆಂಬರ್ ಏನು ದೂರ ಐತಿ?"

ಅವಸರ ಏನೆಂದು ನನಗೆ ಗೊತ್ತಿತ್ತು. ಶುಚಿ ಮಾಡಲೆಂದು ಬಂದೂಕು ಎತ್ತಿಕೊಂಡು ಹೊರಟೆ. ಆಗಸ್ಟಿನಲ್ಲಿ ಅವರ ನಾಲಗೆ ತೊದಲತೊಡಗಿತು. ನರಕ್ಕೆ ಕೊಟ್ಟ ಮಾತ್ರೆಯಿಂದ ಹಾಗಾಗುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಸೌಂದರ್ಯಾ ಹೇಳಿದಳು. ನನಗಿಂತ ಚೆನ್ನಾಗಿ ಸುಳ್ಳು ಹೇಳಲು ಅವಳೂ ಕಲಿತಿದ್ದಳು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಮಾವನನ್ನು ಕರೆದುಕೊಂಡು ಟೇಲರ್ ಎಂಬ ಊರಿನ ಹತ್ತಿರದ ರೇಂಜಿಗೆ ಹೋದೆ. ಬೇಟೆಗೆ ಜಮೀನು ಗೊತ್ತುಮಾಡಿದ್ದು ಅಲ್ಲೇ ಪಕ್ಕದಲ್ಲಿ; ಸೀಸನ್ನಿಗೆ ಇನ್ನು ಮೂರು ವಾರ. ಅಲ್ಲಿಂದ ಸಿದ್ದೂನ ಮನೆ ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ ಮಾವ ಖುಷಿಯಲ್ಲಿದ್ದರು. ಮರಳಿನ ಚೀಲಗಳ ಮೇಲೆ ಬಂದೂಕಿಟ್ಟು ಕೊಟ್ಟೆ. ಐದು ಗುಂಡು ಹೊಡೆದರು. ಐದೂ ಒಂದು ರೂಪಾಯಿ ನಾಣ್ಯದ ಆಸುಪಾಸಿನಲ್ಲಿ.

ಪಕ್ಕದ ಬೆಂಚಿನ ಮುದುಕ ದುರ್ಬೀನಿನಲ್ಲಿ ಅದನ್ನು ನೋಡಿ ಶಿಳ್ಳೆ ಹಾಕಿದ. ಬಂದೂಕನ್ನು ಹೊಗಳಿದ. ಅಲ್ಲಿನವರ ಮರ್ಯಾದೆ ಹಾಗೆ. ತಾನು ಹೊಗಳಿದವನಿಗೆ ತನ್ನದನ್ನೂ ಒಮ್ಮೆ ಹೊಡೆಯಲು ಕೊಡಬೇಕು. ನಾನು ಕಾರಿನಿಂದ ಗುರಿಯ ಹೊಸ ಹಾಳೆ ತರುವಷ್ಟರಲ್ಲಿ ಮಾವ ಅವನ ಬೆಂಚಿನಲ್ಲಿ ಕೂತಿದ್ದರು. ಮುದುಕನೇ ಗುಂಡು ತುಂಬಿಕೊಟ್ಟಿದ್ದ.

ಮಾವ ಗುರಿ ಹಿಡಿದರು. ಏನೂ ಆಗಲಿಲ್ಲ. ಮತ್ತೆ ಹಿಡಿದರು. ಸೇಫ್ಟಿ ಲಾಕ್ ತೆಗೆದೇ ಇದೆ ಸರ್ ಎಂದು ಮುದುಕ ಮೆಲ್ಲಗೆ ಹೇಳಿದ. ಮಾವ ತೋರುಬೆರಳಿನ ಮೇಲೆ ನಡುಬೆರಳನ್ನೂ ಸೇರಿಸಿ ಎಳೆದರು. ಅವರ ಕತ್ತಿನ ನರ ಉಬ್ಬಿತು. ನಂತರ ಆ ಬಂದೂಕನ್ನು ಮೆಲ್ಲಗೆ ಚೀಲದ ಮೇಲೆ ಇಟ್ಟು, ಮುದುಕನಿಗೆ ತಲೆಬಾಗಿ, ನಮ್ಮ ಬೆಂಚಿಗೆ ಬಂದು ಕೂತರು. ಇಪ್ಪತ್ತೈದು ವರ್ಷ ಸ್ಪ್ರಿಂಗು, ಸ್ಕ್ರೂ ಮಾರಿದ ಮನುಷ್ಯ. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ.

"ಎಷ್ಟು?" ಅಂದರು. ಆ ಒಂದು ಪದಕ್ಕೂ ಅವರು ತಿಣುಕಬೇಕಾಯಿತು.

"ಎಂಟು ಔನ್ಸ್, ಮಾವ."

"ಮದಲ?"

"ಮೂರೂವರೆ ಪೌಂಡ್."

ಅವರು ತಮ್ಮ ಬೆರಳನ್ನು ಬೇರೆ ಯಾರದೋ ಎಂಬ ಹಾಗೆ ನೋಡಿಕೊಂಡರು. ಆಮೇಲೆ, "ಸಿದ್ದೂಗ ಫೋನ್ ಹಚ್ಚು" ಅಂದರು.

ಗುಂಡಿನ ಸದ್ದಿನಿಂದ ದೂರ, ಕಾರಿನ ಹತ್ತಿರ ಹೋದೆವು. ಮಾವನ ಫೋನಿನಿಂದಲೇ ಹಚ್ಚಿ ಸ್ಪೀಕರಿಗೆ ಹಾಕಿ ಅವರ ಮುಖದ ಮುಂದೆ ಹಿಡಿದೆ. ಸಿದ್ದು ಎತ್ತಿದ. ಮಾವ ಮಗನ ಹೆಸರು ಹೇಳಿದರು. ಆಮೇಲೆ ಇನ್ನೂ ಏನೋ ಹೇಳಿದರು. ನಾಲಗೆ ಹೊರಳದೆ ಪದಗಳೆಲ್ಲ ಒಂದಕ್ಕೊಂದು ಅಂಟಿ ಬಂದವು.

"ಹಗಲ ಹನ್ನೊಂದಕ್ಕ ಶುರು ಮಾಡೀಯೇನಪ್ಪಾ?" ಅಂದ ಸಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಫೋನ್ ಇಟ್ಟ.

ಮಾವನಿಗೆ ಏನಾಯಿತೆಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಅವರ ಮುಖ ನೋಡಲು ನನಗಾಗಲಿಲ್ಲ. ನನ್ನ ಫೋನ್ ತೆಗೆದು ಸಿದ್ದೂಗೆ ಹಚ್ಚುತ್ತ ರಸ್ತೆಯ ಕಡೆ ಹೆಜ್ಜೆ ಹಾಕಿದೆ. ಮಾವ ಹಿಂದಿನಿಂದ ನನ್ನ ಅಂಗಿಯ ಮೇಲೆ ಕೈಯಿಟ್ಟರು. ಹಿಡಿಯುವ ಬಲವಿಲ್ಲದ ಕೈ. ಕೊಡವಿದ್ದರೆ ಬಿದ್ದುಹೋಗುತ್ತಿತ್ತು.

"ಇಲ್ಲೇ" ಅಂದರು.

ಸಿದ್ದು ಎತ್ತಿದ. ಮಾವ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳದಿದ್ದರೆ ಅವನು ಬರುವುದಿಲ್ಲ. ಹೇಳಿದರೆ ಇವರು ಕೇಳುತ್ತಾರೆ.

"ಅವರು ಕುಡಿದಿಲ್ಲ ಸಿದ್ದು" ಅಂದೆ. "ಆರು ವರ್ಷದಿಂದ ಕುಡಿದಿಲ್ಲ. ಎ.ಎಲ್.ಎಸ್. ಅಂತ ಕಾಯಿಲೆ. ನರ ಎಲ್ಲ ಸಾಯ್ತಾ ಬರುತ್ತೆ. ಕೈ ಹೋಗಿದೆ, ಈಗ ಮಾತು ಹೋಗ್ತಿದೆ. ಔಷಧಿ ಇಲ್ಲ. ಎರಡು ವರ್ಷ ಅಂದಿದ್ದಾರೆ. ಫೆಬ್ರವರಿಯಲ್ಲಿ ಗೊತ್ತಾಯ್ತು. ನಾವ್ಯಾರೂ ನಿಮಗೆ ಹೇಳ್ಲಿಲ್ಲ. ಅವರಿಗೂ ಹೇಳ್ಲಿಲ್ಲ."

ಸಿದ್ದು ನಾವು ಎಲ್ಲಿದ್ದೇವೆಂದು ಕೇಳಿಕೊಂಡು, "ಅಲ್ಲೇ ಇರ್ರಿ. ಬಂದೆ" ಅಂದ.

ಮಾವ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದರು. ಗೋಡೆಯ ಕಡೆ ಮುಖ ಮಾಡಲಿಲ್ಲ, ಎದೆ ಒಡೆದುಕೊಳ್ಳಲಿಲ್ಲ. ಏನೋ ಅಂದರು. ನನಗೆ ಅರ್ಥವಾಗಲಿಲ್ಲ. ಕ್ಷಮಿಸಿ ಮಾವ, ಇನ್ನೊಮ್ಮೆ ಹೇಳಿ ಅಂದೆ. ಹೇಳಿದರು. ಆಗಲೂ ತಿಳಿಯಲಿಲ್ಲ. ಅವರು ಉಸಿರು ಎಳೆದುಕೊಂಡು, ಒಂದೊಂದೇ ಪದವನ್ನು ಬಿಡಿಸಿ, ಮೂರನೆಯ ಸಲ ಹೇಳಿದರು.

"ಫೆಬ್ರವರಿದಾಗ ನನ್ನ ಮಾತು ಚಲೋ ಇತ್ತಲ್ಲೋ."