ಚೀಲ ಇಲ್ಲದವರ ಲೆಕ್ಕ

ಮೂರು ದಿನದಿಂದ ದುಂಡಮ್ಮನಿಗೆ ರಕ್ತ ಹೋಗುತ್ತಿತ್ತು. ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆಗೊನೆ ಹೊತ್ತು ಲಾರಿಗೆ ತುಂಬುವ ಕೆಲಸ ಅವಳದು. ಗೊನೆ ಎತ್ತಿದಾಗಲೆಲ್ಲ ಸೀರೆ ಒದ್ದೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಲು ಹೆದರಿಕೆ. ಯಾಕೆಂದರೆ ಅವಳಿಗೆ ಗರ್ಭಚೀಲವೇ ಇರಲಿಲ್ಲ.

ಏಳು ವರ್ಷದ ಹಿಂದೆ, ಮೂವತ್ತು ತುಂಬುವ ಮೊದಲೇ, ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಅದನ್ನು ತೆಗೆದಿದ್ದರು. ಬಿಳಿ ಹೋಗುತ್ತದೆಂದು ತೋರಿಸಲು ಹೋದವಳಿಗೆ ಡಾಕ್ಟರ್, "ಹಂಗೇ ಬಿಟ್ರ ಕ್ಯಾನ್ಸರ್ ಆಗ್ತದ ನೋಡವ್ವ. ತೆಗಿಸಿಬಿಡು" ಎಂದಿದ್ದ. ಅವಳ ಓಣಿಯಲ್ಲಿ ಹಾಗೆ ಹೆದರಿ ತೆಗೆಸಿಕೊಂಡವರು ಮನೆಗೊಬ್ಬರಿದ್ದರು.

ಸೋಮವಾರ ಕಮಲಾಪುರದಲ್ಲಿ ಹೆಂಗಸರ ಕ್ಯಾನ್ಸರ್ ತಪಾಸಣೆಯ ಕ್ಯಾಂಪ್ ಹಾಕಿದ್ದರು. ಆಶಾ ಕಾರ್ಯಕರ್ತೆ ಅಫ್ರೀನ್ ಕರೆದಳೆಂದು ದುಂಡಮ್ಮ ಹೋಗಿ ಸಾಲಿನಲ್ಲಿ ನಿಂತಳು. ಫಾರಂ ತುಂಬುತ್ತಿದ್ದ ಸಾಹೇಬ ತಲೆ ಎತ್ತಲಿಲ್ಲ.

"ಗರ್ಭಚೀಲ ಅದನೋ ಇಲ್ಲೋ?"

"ಇಲ್ರೀ."

"ಹಂಗಾರ ಕ್ಯಾನ್ಸರೂ ಇಲ್ಲ. ನಡಿ. ಮುಂದಿನಾಕಿ ಬಾ."

ದುಂಡಮ್ಮ ಜಾಗ ಬಿಟ್ಟು ಕದಲಲಿಲ್ಲ. "ಸಾಹೇಬ್ರ, ಚೀಲಾನೇ ಇಲ್ಲಂದ್ರ ಈ ರಗತ ಎಲ್ಲಿಂದ ಬರ್ಲಾಕತ್ತದ್ರೀ?"

ಅಫ್ರೀನ್ ಬಂದು ಫಾರಂ ನೋಡಿದಳು. 'ರೋಗ ಇಲ್ಲ' ಎಂದು ಆಗಲೇ ಬರೆದಾಗಿತ್ತು.

"ಸರ್, ಪರೀಕ್ಷಾ ಮಾಡ್ದೇ ಹೆಂಗ ಬರದ್ರಿ? ನನ್ನ ಪಟ್ಟ್ಯಾಗ ನೂರು ಮಂದಿ ಹೆಂಗಸರದಾರ. ನಲವತ್ತು ಮಂದಿಗಿ ಚೀಲ ಇಲ್ಲ. ಪರೀಕ್ಷಾ ಇಲ್ದೇ ಅವರನ್ನೂ 'ರೋಗ ಇಲ್ಲ' ಅಂತ ನೂರರಾಗ ಹಿಡದ್ರ ರೋಗ ಕಮ್ಮಿ ಅಂತೇ ಕಾಣಸ್ತದ."

"ಕಮ್ಮಿ ಬಂದ್ರ ಚಲೋನೇ ಅಲ್ಲೇನ? ಮ್ಯಾಲಿನವರು ಅದೇ ಕೇಳ್ತಾರ."

ಮರುದಿನ ಅಫ್ರೀನ್ ದುಂಡಮ್ಮನನ್ನು ಬಸ್ಸು ಹತ್ತಿಸಿ ಕಲಬುರಗಿಯ ಸರಕಾರಿ ದವಾಖಾನೆಗೆ ಕರೆದೊಯ್ದಳು. ಲೇಡಿ ಡಾಕ್ಟರ್ ಬಹಳ ಹೊತ್ತು ಪರೀಕ್ಷಿಸಿದರು.

"ಚೀಲ ತೆಗದಾರ, ಅದರ ಬಾಯಿ ಒಳಗೇ ಬಿಟ್ಟಾರ. ಅಲ್ಲಿ ಹುಣ್ಣಾಗ್ಯಾದ. ಕ್ಯಾನ್ಸರ್ ಅದನೋ ಇಲ್ಲೋ ನೋಡ್ಲಾಕ ಒಂದು ತುಣುಕು ತಪಾಸಣೆಗೆ ಕಳಸ್ತೀನಿ. ಹತ್ತು ದಿನ ಬೇಕು."

"ಕ್ಯಾನ್ಸರ್ ಆಗಬಾರದಂತೇ ತೆಗಿಸಿದ್ದೆನ್ರೀ ನಾ."

ಡಾಕ್ಟರ್ ತುಣುಕಿನ ಡಬ್ಬಿಯ ಮೇಲೆ ಅವಳ ಹೆಸರು ಬರೆದರು.

ವಾಪಸು ಬರುವಾಗ ದುಂಡಮ್ಮ ಅಫ್ರೀನಳ ಕೈ ಬಿಡಲೇ ಇಲ್ಲ. "ಆಪಾ, ನಮ್ಮ ಓಣ್ಯಾಗ ಎಲ್ಲರಿಗೂ ಹಿಂಗೇ ಬಿಟ್ಟಿರಬೇಕಾ?"

"ಯಾರ್ ನೋಡ್ಯಾರ ದುಂಡಮ್ಮ? ಯಾರೂ ನೋಡಿಲ್ಲ."

ಆ ಮಾತು ದುಂಡಮ್ಮನ ಎದೆಯಲ್ಲಿ ಕೂತುಬಿಟ್ಟಿತು. ತಪಾಸಣೆಯ ಫಲಿತಾಂಶ ಬರುವ ಮೊದಲೇ ಅವಳು ಚೀಲ ತೆಗೆಸಿಕೊಂಡವರನ್ನು ಕರೆಯಲು ಮನೆಮನೆಗೆ ಹೋದಳು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಗಂಡಂದಿರಿಗೆ ಹೆದರಿದರು. ಕಡೆಗೆ ಹದಿನೇಳು ಮಂದಿ ಹೊರಟು, ಕ್ಯಾಂಪಿನಲ್ಲಿ ಫಾರಂ ತುಂಬಿದ್ದ ಸಾಹೇಬನ ಆಫೀಸಿನ ಮುಂದೆ ಕೂತರು.

"ನಮ್ಮನ್ನ ಬ್ಯಾರೆ ಬರೀರಿ," ಎಂದಳು ದುಂಡಮ್ಮ. "ಯಾರು ತೆಗದರು, ಯಾಕ ತೆಗದರು, ಅದೂ ಬರೀರಿ. ಪರೀಕ್ಷಾನೂ ಮಾಡ್ರಿ."

"ಅದನ್ನೆಲ್ಲ ಬರಿಲಾಕ ಫಾರಂದಾಗ ಜಾಗ ಇಲ್ಲವ್ವ."

"ಜಾಗ ಮಾಡೂತನಕ ನಾವು ಏಳಂಗಿಲ್ಲ."

ಪಕ್ಕದಲ್ಲಿ ಕೂತಿದ್ದ ಭಾಗ್ಯಜ್ಯೋತಿ ಅವಳ ಸೆರಗು ಜಗ್ಗಿದಳು. ಎಲ್ಲರಿಗಿಂತ ಸಣ್ಣವಳು, ಇಪ್ಪತ್ತನಾಲ್ಕು ವರ್ಷ. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ನಂಗೂ ರಗತ ಹೋಗ್ಲಾಕತ್ತದ. ಎರಡು ತಿಂಗಳಾಯ್ತು. ಮನ್ಯಾಗ ಹೇಳಿಲ್ಲ."

ದುಂಡಮ್ಮ ಅವಳ ಭುಜ ಹಿಡಿದು ಎಬ್ಬಿಸಿ ಸಾಹೇಬನ ಎದುರಿಗೆ ನಿಲ್ಲಿಸಿದಳು.

"ಇಲ್ಲಿ ಹೇಳು. ಜೋರಾಗಿ ಹೇಳು."